ಬಲಗೋಡೆಯಿಂದ ನಾಲ್ಕನೆಯ ಕುರ್ಚಿ

ನಾನು ನಿಂತಿದ್ದು ರಂಗಮಂದಿರದ ಬಲಗಡೆಯ ಎರಡನೇ ಬಾಗಿಲಿನ ಒಳಗೆ, ಬೆನ್ನು ಗೋಡೆಗೆ ಹತ್ತಿಸಿ. ರವಿವಾರ ಸಂಜೆ, ಏಳಕ್ಕೆ ಹತ್ತು ನಿಮಿಷ ಬಾಕಿ. ಬಾಗಿಲ ಮೇಲಿನ ಗಡಿಯಾರ ನಾಲ್ಕು ನಿಮಿಷ ಮುಂದೆ ಓಡುತ್ತಿತ್ತು. ನಾನು ಹೇಳುತ್ತಿರುವುದು ನನ್ನ ಕೈಗಡಿಯಾರದ ಹೊತ್ತು. ಎಡಗೈಯಲ್ಲಿ ನಾಟಕದ ಕರಪತ್ರಗಳ ಕಟ್ಟು ಇತ್ತು. ಎದೆಯ ಮೇಲೆ ರಿಬ್ಬನ್ನಿನ ಹೂವು ಹಚ್ಚಿದ ಬಿಲ್ಲೆ. ಮೂರನೇ ಸಾಲಿನಲ್ಲಿ ಬಲಗೋಡೆಯಿಂದ ನಾಲ್ಕನೆಯ ಕುರ್ಚಿಗೂ ನನಗೂ ನಡುವೆ ಹನ್ನೆರಡು ಹೆಜ್ಜೆ. ಆಗ ಎಣಿಸಿರಲಿಲ್ಲ. ಆಮೇಲೆ, ಬೇರೆ ಯಾವುದೋ ಕಾರ್ಯಕ್ರಮದ ದಿನ ಒಳಗೆ ಹೋಗಿ ಎಣಿಸಿ ಬಂದೆ.

ಅಳೆಯುವುದು ನನ್ನ ಹೊಟ್ಟೆಪಾಡು. ಬೆಳಗಾವಿಯ ಆಟೋ ನಗರದಲ್ಲಿ ನನ್ನದೊಂದು ಸಣ್ಣ ಲೇಥ್ ವರ್ಕ್‌ಶಾಪ್ ಇದೆ. ಒಂದು ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೆ ಗಿರಾಕಿ ಶಾಫ್ಟನ್ನು ತಂದು ಮೇಜಿನ ಮೇಲೆ ಕುಕ್ಕಿ ಹೋಗುತ್ತಾನೆ. ಹಾಗಾಗಿ ಹನ್ನೆರಡು ಹೆಜ್ಜೆ ಎಂದರೆ ಎಷ್ಟು ದೂರ ಎಂದು ನನಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಅದೇನೂ ದೂರವಲ್ಲ.

ಎರಡು ವರ್ಷದ ಹಿಂದಿನ ಮಾತು ಇದು. ಮತ್ತೆ ತಲೆಗೆ ಹತ್ತಿದ್ದು ಹೋದ ವಾರ. ಮಗಳು ಸಿನಿಮಾ ಟಿಕೆಟ್ ತೆಗೆಯುತ್ತ ಮೊಬೈಲನ್ನು ನನ್ನ ಮುಖಕ್ಕೆ ಹಿಡಿದಳು. "ಪಪ್ಪಾ, ಕುರ್ಚಿ ಆರಸೂದು ನಿಮ್ಮ ಕೆಲಸ. ಹಸರು ಇದ್ದದ್ದು ಖಾಲಿ, ಬೂದಿ ಬಣ್ಣದ್ದು ಹೋಗ್ಯಾವ. ಒತ್ತರಿ." ಪರದೆಯ ಮೇಲೆ ಸಣ್ಣ ಸಣ್ಣ ಹಸಿರು ಚೌಕಗಳು. ನನ್ನ ಬೆರಳು ತಾನಾಗಿ ಮೂರನೇ ಸಾಲಿಗೆ ಹೋಯಿತು. ಬಲಗಡೆಯಿಂದ ಒಂದು, ಎರಡು, ಮೂರು, ನಾಲ್ಕು. ನಾಲ್ಕನೆಯದು ಹಸಿರಾಗಿತ್ತು. ಅದನ್ನು ಒತ್ತಿದರೆ ಅದು ನನ್ನದು. ಯಾವ ಸಾಹೇಬರು ಬಂದರೂ ಎಬ್ಬಿಸುವಂತಿಲ್ಲ. ಅಷ್ಟು ಸುಲಭ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ನನಗ ಬ್ಯಾಡ, ನೀವ ಹೋಗಿ ಬರ್ರಿ" ಎಂದು ಎದ್ದುಬಿಟ್ಟೆ. "ಪಪ್ಪಾಗ ಏನಾತಬೇ?" ಎಂದು ಅವಳು ತಾಯಿಯನ್ನು ಕೇಳಿದ್ದು ಕೇಳಿಸಿತು. ಆ ಹುಡುಗಿಯ ತಪ್ಪು ಏನೂ ಇರಲಿಲ್ಲ.

ಕುರ್ಚಿ ಆರಿಸುವುದನ್ನು ನನಗೆ ಕಲಿಸಿದವನು ಪರಸು ಕಾಕಾ, ನನ್ನ ಅಪ್ಪನ ತಮ್ಮ. ಶಹಾಪುರದಲ್ಲಿ ವಿದ್ಯುತ್ ಮಗ್ಗ ನಡೆಸುತ್ತಿದ್ದ. ವಾರಕ್ಕೊಮ್ಮೆ ಸಿನಿಮಾ, ಊರಿಗೆ ಕಂಪನಿ ಬಂದರೆ ನಾಟಕ, ಕನ್ನಡದ್ದಾದರೂ ಸರಿ ಮರಾಠಿಯದಾದರೂ ಸರಿ. ನನ್ನನ್ನು ಕರೆದುಕೊಂಡು ಹೋಗುತ್ತಿದ್ದುದು ಪ್ರೀತಿಯಿಂದಲೂ ಹೌದು, ಕುರ್ಚಿ ಹಿಡಿಯಲು ಒಬ್ಬ ಬೇಕು ಎಂಬುದಕ್ಕೂ ಹೌದು. ಒಮ್ಮೆ ಅವನು ಶೇಂಗಾ ತರಲು ಹೋದಾಗ ನಾನು ಮೂರು ಕುರ್ಚಿ ಹಿಡಿಯಬೇಕೆಂದು ಅವುಗಳ ಮೇಲೆ ಅಡ್ಡ ಮಲಗಿದೆ. ಮಲಗಿದವನು ನಿದ್ದೆಯನ್ನೇ ಮಾಡಿಬಿಟ್ಟೆ. ಎಚ್ಚರವಾದಾಗ ನಾಟಕ ಅರ್ಧ ಮುಗಿದಿತ್ತು, ನನ್ನ ತಲೆ ಯಾರೋ ಪರಿಚಯವಿಲ್ಲದ ಹೆಂಗಸಿನ ತೊಡೆಯ ಮೇಲಿತ್ತು, ಕಾಕಾ ಗೋಡೆಗೆ ಒರಗಿ ನಿಂತು ನೋಡುತ್ತಿದ್ದ. "ಕುರ್ಚಿ ಕಾಯೋ ಅಂದ್ರ ಕುರ್ಚಿಗೆ ಹಾಸಿಗಿ ಆದ್ಯಲ್ಲೋ ಮಗನ" ಎಂದು ಮನೆ ಮುಟ್ಟುವವರೆಗೂ ನಕ್ಕ.

ಅವನ ಕಟ್ಟಳೆಗಳು ಅನೇಕ. ಕುರ್ಚಿ ನೋಡುವ ಮೊದಲು ಅದರ ಮುಂದಿನ ಕುರ್ಚಿಯವನನ್ನು ನೋಡಬೇಕು. ತಲೆಗೆ ಪಟಕಾ ಸುತ್ತಿದವನಾದರೆ ಎರಡು ಕುರ್ಚಿ ಆಚೆ ಹೋಗಬೇಕು. ಫ್ಯಾನಿನ ಕೆಳಗೆ ಬೇಡ, ಮಾತು ಗಾಳಿಗೆ ಹೋಗುತ್ತದೆ. ಬಾಗಿಲ ಬಾಜು ಬೇಡ, ಬಂದವರೆಲ್ಲ ಬೆಳಕು ತರುತ್ತಾರೆ. ಆಗಲೇ ಒಮ್ಮೆ ನಾಟಕ ನೋಡಿದವನ ಪಕ್ಕವಂತೂ ಬೇಡವೇ ಬೇಡ. ತೊಡೆಯ ಮೇಲೆ ಕೂಸು ಇದ್ದವರಿಂದ ದೂರ ಕೂರಬೇಕು, ಆದರೆ ಕೂಸು ಅತ್ತರೆ ತಿರುಗಿ ನೋಡಬಾರದು. "ಅಳೂದು ಅದರ ಕೆಲಸ, ದೂರ ಕುಂದ್ರೂದು ನಮ್ಮ ಕೆಲಸ."

ವರ್ಷಗಳು ಹೋದಂತೆ ಈ ಕಟ್ಟಳೆಗಳೆಲ್ಲ ಉದುರಿ ಒಂದೇ ಉಳಿಯಿತು. ಮಗ್ಗದ ಶೆಡ್ಡಿನ ಸದ್ದು ನೀವು ಕೇಳಿದ್ದರೆ ನಾನು ವಿವರಿಸುವುದು ಬೇಡ. ಕೇಳದಿದ್ದರೆ ವಿವರಿಸಿ ಉಪಯೋಗವಿಲ್ಲ. ಅದರ ನಡುವೆ ನಲವತ್ತು ವರ್ಷ ನಿಂತು ಕಾಕಾನ ಬಲಗಿವಿ ಪೂರ್ತಿ ಹೋಯಿತು, ಎಡಗಿವಿ ಅರ್ಧ. ಕಿವಿಗೆ ಹಾಕುವ ಯಂತ್ರ ತಂದುಕೊಟ್ಟೆವು. ನಾಲ್ಕು ದಿನ ಹಾಕಿ ಅಡಿಕೆ ಡಬ್ಬಿಯಲ್ಲಿ ಇಟ್ಟುಬಿಟ್ಟ. "ಸಿಳ್ಳಿ ಹೊಡೀತೈತಿ. ಒಳಗ ಯಾಂವೋ ಪೋಲಿ ಹುಡುಗ ಕುಂತಾನ."

ಆದರೆ ಶೆಡ್ಡಿನವರಿಗೆ ಬೇರೆ ವಿದ್ಯೆ ಇರುತ್ತದೆ. ಅಲ್ಲಿ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ. ತುಟಿ ನೋಡಿ ಮಾತು ತಿಳಿಯುತ್ತಾರೆ, ತುಟಿಗೆ ಸಾಲದ್ದನ್ನು ಕೈಯಲ್ಲಿ ಹೇಳುತ್ತಾರೆ. ಎರಡು ಬೆರಳು ಕೂಡಿಸಿ ಬಿಡಿಸಿದರೆ ನೂಲು ಹರಿದಿದೆ ಎಂದು. ಅಂಗೈಯನ್ನು ಮುಂದಕ್ಕೆ ಸುತ್ತಿಸಿದರೆ, ಸರಿಯಾಗಿದೆ, ಓಡಲಿ ಎಂದು. ಕಾಕಾನ ಎದುರಿನ ಮಗ್ಗ ಇಸ್ಮಾಯಿಲ್ ಚಾಚಾನದು. ಇಬ್ಬರೂ ಮೂವತ್ತು ವರ್ಷ ಹೀಗೆ, ಒಂದು ದನಿಯೂ ಹೊರಡಿಸದೆ, ಜಗತ್ತಿನ ಎಲ್ಲರ ಬಗ್ಗೆ ಚಾಡಿ ಹೇಳಿಕೊಂಡವರು. ಹೀಗಾಗಿ ಕಾಕಾನ ಉಳಿದ ಒಂದೇ ಕಟ್ಟಳೆ ಇದು: ಪ್ರೇಕ್ಷಕರ ಬಲಗಡೆಯೇ ಕೂರಬೇಕು, ಆಗ ಎಡಗಿವಿ ರಂಗದ ಕಡೆಗೆ ಇರುತ್ತದೆ, ಮತ್ತು ತುಟಿ ಕಾಣುವಷ್ಟು ಹತ್ತಿರ ಕೂರಬೇಕು.

ಕಾಕಾನ ಒಬ್ಬಳೇ ಮಗಳು ಶೈಲಕ್ಕ. ಖಾನಾಪುರಕ್ಕೆ ಕೊಟ್ಟದ್ದು, ಅಲ್ಲೇ ಶಾಲೆಯಲ್ಲಿ ಕನ್ನಡ ಕಲಿಸುತ್ತಾಳೆ. ಅತ್ತೆಯ ಜೊತೆ ಮರಾಠಿ, ಮಕ್ಕಳ ಜೊತೆ ಎರಡೂ. ನಲವತ್ತಾರನೇ ವಯಸ್ಸಿನಲ್ಲಿ ಅವಳಿಗೆ ನಾಟಕದ ಹುಚ್ಚು ಹಿಡಿಯಿತು. ಖಾನಾಪುರದ ಶಿಕ್ಷಕರು ಸೇರಿ ಕಟ್ಟಿದ ತಂಡ. ನಾಟಕವನ್ನೂ ಅವರಲ್ಲೇ ಒಬ್ಬರು ಬರೆದದ್ದು. ಶೈಲಕ್ಕನದು ಸೂಲಗಿತ್ತಿಯ ಪಾತ್ರ. ಎರಡನೇ ಅಂಕದಲ್ಲಿ ಪಂಚರ ಮುಂದೆ ನಿಂತು ಅವಳು ಒಬ್ಬಳೇ ನಾಲ್ಕು ನಿಮಿಷ ಮಾತಾಡಬೇಕು. ಬೆಳಗಾವಿಯ ದೊಡ್ಡ ರಂಗಮಂದಿರದಲ್ಲಿ ಆಟ ಎಂದು ಗೊತ್ತಾದಾಗ ಅವಳು ಕಾಕಾನನ್ನು ಖಾನಾಪುರಕ್ಕೆ ಕರೆಸಿದಳು. ನಾನೇ ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಶಾಲೆಯ ಕೋಣೆಯಲ್ಲಿ ಅಪ್ಪನನ್ನು ಮೊದಲ ಬೆಂಚಿನ ಮೇಲೆ ಕೂರಿಸಿ, ಬಾಯಿ ಬಿಡಿಸಿ ಬಿಡಿಸಿ ಹೇಳಿದಳು. "ಅಪ್ಪಾ, ಆ ದೊಡ್ಡ ಮಾತು ಪೂರಾ ನಿನ್ನ ಕಡೆ ತಿರುಗಿ ಹೇಳತೀನಿ. ನೀ ಎಲ್ಲಿ ಕುಂದ್ರತಿ ಅನ್ನೂದು ಮೊದಲ ನಿಕ್ಕಿ ಮಾಡು. ಆಮ್ಯಾಲ ಅಲ್ಲಿಂದ ಏಳಬ್ಯಾಡ."

"ನಾ ಯಾಕ ಏಳಲಿ?" ಎಂದ ಕಾಕಾ, ಇಡೀ ಶಾಲೆಗೆ ಕೇಳುವಂತೆ. ಕಿವಿ ಕೇಳದವರ ದನಿ ದೊಡ್ಡದು.

ಆಟದ ಹಿಂದಿನ ದಿನ, ಶನಿವಾರ ಮಧ್ಯಾಹ್ನ, ಕುರ್ಚಿ ನಿಕ್ಕಿ ಮಾಡಲು ಹೋದೆವು. ಕಾಕಾ, ಚಾಚಾ, ನಾನು. ಶೈಲಕ್ಕ ತಾಲೀಮಿಗೆ ಬಂದಿದ್ದಳು. ರಂಗದ ಮೇಲೆ ತನ್ನ ಜಾಗದಲ್ಲಿ ನಿಂತು ಮಾತು ಶುರು ಮಾಡಿದಳು. ಕಾಕಾ ಒಂದು ಕುರ್ಚಿಯಲ್ಲಿ ಕೂತು ನಾಲ್ಕು ಮಾತು ಕೇಳುವುದು, ತಲೆ ಅಲ್ಲಾಡಿಸುವುದು, ಮುಂದಿನದಕ್ಕೆ ಹೋಗುವುದು. ಎರಡನೇ ಸಾಲಿನಲ್ಲಿ ಕತ್ತು ಎತ್ತಬೇಕು, ತುಟಿಯ ಕೆಳಭಾಗ ಮಾತ್ರ ಕಾಣುತ್ತದೆ. ನಾಲ್ಕನೆಯದರಲ್ಲಿ 'ಪ' ಮತ್ತು 'ವ' ಒಂದೇ ಆಗುತ್ತವೆ. ಹತ್ತೊಂಬತ್ತು ಕುರ್ಚಿ ಆಯಿತು. ಬಾಗಿಲಲ್ಲಿ ನಿಂತಿದ್ದ ವಾಚ್‌ಮನ್ ಮಾರುತಿ ನನ್ನನ್ನು ಕೇಳಿದ, "ಯಜಮಾನ್ರು ಕುರ್ಚಿ ಖರೀದಿ ಮಾಡಾಕ ಬಂದಾರೇನ್ರಿ?" ಚಾಚಾ ಹೇಳಿದ, "ಹಾಂ ಭಾಯ್, ಮಗಳಿಗೆ ವರ ನೋಡಾಕೂ ಇಂವ ಇಷ್ಟು ಮನಿ ತಿರುಗಲಿಲ್ಲ."

ಇಪ್ಪತ್ತನೆಯದರಲ್ಲಿ, ಮೂರನೇ ಸಾಲಿನಲ್ಲಿ ಬಲಗೋಡೆಯಿಂದ ನಾಲ್ಕನೆಯದರಲ್ಲಿ, ಕಾಕಾ ಕೂತ. ಶೈಲಕ್ಕ ಮಾತು ಮುಗಿಸಿದಳು. ಅವನು ಅಂಗೈ ಎತ್ತಿ ಮುಂದಕ್ಕೆ ಸುತ್ತಿಸಿದ. ಓಡಲಿ. ಆಮೇಲೆ ಅಂಗಿಯ ಜೇಬಿನಿಂದ ಒಂದು ಎಳೆ ಕೆಂಪು ನೂಲು ತೆಗೆದು ಕುರ್ಚಿಯ ಕೈಗೆ ಎರಡು ಸುತ್ತು ಸುತ್ತಿ, ಮಗ್ಗದವರು ಹರಿದ ಎಳೆಗೆ ಹಾಕುವ ಗಂಟು ಹಾಕಿದ. ಎಷ್ಟು ಸಣ್ಣ ಗಂಟೆಂದರೆ ಬೆರಳಿಗೆ ಹತ್ತುವುದಿಲ್ಲ, ಎಳೆದರೂ ಬಿಚ್ಚುವುದಿಲ್ಲ.

ರವಿವಾರ ಆಟ ಆರು ಗಂಟೆಗೆ. ಕಾಕಾ ಮತ್ತು ಚಾಚಾ ನಾಲ್ಕೂವರೆಗೆ ಬಂದು ಕೂತರು. ಸಾಲುಗಳಿಗೆ ಯಾವ ಚೀಟಿಯೂ ಅಂಟಿಸಿರಲಿಲ್ಲ, ಮೊದಲು ಬಂದವರಿಗೆ ಮೊದಲು ಎಂದೇ ಕರಪತ್ರದಲ್ಲಿತ್ತು. ಶೈಲಕ್ಕ ಹೇಳಿದ್ದಕ್ಕೆ ಆಟ ಏರ್ಪಡಿಸಿದ್ದ ಸಂಘಟನೆಯವರು ನನಗೆ ಬಾಗಿಲು ನೋಡಿಕೊಳ್ಳುವ ಕೆಲಸ, ಎದೆಗೊಂದು ಬಿಲ್ಲೆ ಕೊಟ್ಟಿದ್ದರು. ಆ ಬಿಲ್ಲೆಯನ್ನು ನಾನು ಕೈತೊಳೆಯುವ ಕೋಣೆಯ ಕನ್ನಡಿಯಲ್ಲಿ ಮೂರು ಸಲ ಸರಿಮಾಡಿಕೊಂಡೆ. ಅದನ್ನೂ ಇಲ್ಲಿ ಬರೆಯಬೇಕು.

ಆರು ಹೊಡೆಯಿತು, ಆರೂವರೆ ಆಯಿತು. ಉದ್ಘಾಟನೆಗೆ ಬರಬೇಕಾದ ಸಾಹೇಬರು ಬಂದಿರಲಿಲ್ಲ. ಏಳಕ್ಕೆ ಹತ್ತು ನಿಮಿಷವಿದ್ದಾಗ ಹೊರಗೆ ನಾಲ್ಕು ಕಾರುಗಳು ನಿಂತವು. ಸಂಘಟನೆಯ ಕಾರ್ಯದರ್ಶಿಗಳು ಒಂದು ಕಿವಿಗೆ ಮೊಬೈಲ್ ಹಿಡಿದುಕೊಂಡೇ ಒಳಗೆ ಓಡಿಬಂದು ಮುಂದಿನ ಮೂರು ಸಾಲು ಖಾಲಿ ಮಾಡಿಸತೊಡಗಿದರು. ಕೆಲವರು ಗೊಣಗಿ ಎದ್ದರು. ಕಾಕಾ ಏಳಲಿಲ್ಲ.

"ಅಜ್ಜಾರ, ಹಿಂದ ಸರೀರಿ. ಸಾಹೇಬ್ರ ಮಂದಿ ಬಂದಾರ."

ಕಾಕಾ ತುಟಿ ನೋಡಿ ತಿಳಿದುಕೊಂಡ. "ನನಗ ಇಲ್ಲಿಂದ ಅಷ್ಟ ಕೇಳಸ್ತೈತ್ರಿ. ನನ್ನ ಮಗಳದು ಪಾರ್ಟ್ ಐತಿ."

ಅವನ ದನಿಗೆ ಇಡೀ ಸಭೆ ತಿರುಗಿ ನೋಡಿತು. ಯಾರೋ ನಕ್ಕರು.

"ಕೂಗಬ್ಯಾಡ್ರಿ. ಇಲ್ಲಿ ಬಂದಾವ್ರೆಲ್ಲಾ ಯಾರದೋ ಅಪ್ಪ, ಯಾರದೋ ಅಣ್ಣನ ಅದಾರ. ಹಿಂದ ದೊಡ್ಡ ಸ್ಪೀಕರ್ ಐತಿ, ಇನ್ನೂ ಛಲೋ ಕೇಳಸ್ತೈತಿ. ಏಳ್ರಿ, ಏಳ್ರಿ."

ಹೇಳುತ್ತ ಅವರು ಕಾಕಾನ ಬಲಗಂಕುಳಿಗೆ ಕೈ ಹಾಕಿ ಎತ್ತಿದರು. ಹೊಡೆಯಲಿಲ್ಲ, ತಳ್ಳಲಿಲ್ಲ. ಮೂಲೆಯಲ್ಲಿದ್ದ ಚೀಲವನ್ನು ಪಕ್ಕಕ್ಕೆ ಇಡುವಾಗ ಹೇಗೆ ಎತ್ತುತ್ತೇವೋ ಹಾಗೆ. ಕಾಕಾನ ಎಡಗೈ ಕುರ್ಚಿಯ ಕೈಯ ಮೇಲೆ, ನೂಲು ಕಟ್ಟಿದ ಕಡೆ, ಒಂದು ಕ್ಷಣ ಹಿಡಿದು ಬಿಟ್ಟಿತು. ಆಗ ಅವನು ನನ್ನ ಕಡೆ ನೋಡಿದ.

ನಾನು ಕರಪತ್ರಗಳ ಕಡೆ ನೋಡಿದೆ. ಮೇಲಿನ ಕರಪತ್ರದ ಮೊದಲ ಸಾಲು ನನಗೆ ಇವತ್ತಿಗೂ ಬಾಯಿಪಾಠ: 'ಸರ್ವರಿಗೂ ಆದರದ ಸ್ವಾಗತ'.

ಯಾಕೆ ಹೋಗಲಿಲ್ಲ ಎಂದು ಕೇಳಿದರೆ ಹೇಳಲು ನನ್ನ ಹತ್ತಿರ ಕಾರಣಗಳಿವೆ. ಗಲಾಟೆಯಾದರೆ ಶೈಲಕ್ಕನಿಗೆ ಒಳಗೆ ಕೇಳಿಸುತ್ತದೆ. ಹೊರಗಿನಿಂದ ಬಂದ ತಂಡ, ಹೆಸರು ಕೆಡಬಾರದು. ಎರಡು ವರ್ಷ ಈ ಕಾರಣಗಳನ್ನು ನಾನು ತಿಕ್ಕಿ ತಿಕ್ಕಿ ನೋಡಿದ್ದೇನೆ. ಅವುಗಳ ಕೆಳಗೆ ಇರುವುದು ಆ ಬಿಲ್ಲೆ. ಅದನ್ನು ಕೊಟ್ಟವರ ಎದುರು ನಾನು ಒಳ್ಳೆಯವನಾಗಿ ಕಾಣಬೇಕಿತ್ತು.

ಚಾಚಾ ಎದ್ದ. "ಚಲ್ ಪರಸು" ಎಂದು ತುಟಿಯಲ್ಲಷ್ಟೇ ಹೇಳಿ ಕಾಕಾನ ಕೈ ಹಿಡಿದುಕೊಂಡ. ನನ್ನ ಮುಂದೆ ಹಾದುಹೋಗುವಾಗ ನಿಂತ. "ನೀ ಅರ ಏನರ ಹೇಳಬೇಕಿತ್ತಿಲ್ಲೋ ಬೇಟಾ? ಎದಿ ಮ್ಯಾಲ ಹೂವ ಹಚಗೊಂಡಿಯಲ್ಲ, ಅದು ಏನ್ ಮದಿವೀದೇನು?"

ಅವರಿಗೆ ಜಾಗ ಸಿಕ್ಕಿದ್ದು ಕೊನೆಯಿಂದ ಎರಡನೆಯ ಸಾಲಿನಲ್ಲಿ, ಬಾಲ್ಕನಿಯ ಕೆಳಗೆ, ಎಡಗೋಡೆಯ ಪಕ್ಕ. ಎಡಗಡೆ ಕೂತರೆ ರಂಗದ ಕಡೆಗೆ ಇರುವುದು ಬಲಗಿವಿ. ಸತ್ತ ಕಿವಿ. ತಲೆಯ ಮೇಲೆ ಫ್ಯಾನು.

ಸಾಹೇಬರ ಮಂದಿ ಕೂತರು. ಐವತ್ತು ನಿಮಿಷ ಶಾಲು, ಹಾರ, ಹಳದಿ ಕಾಗದ ಸುತ್ತಿದ ಹಣ್ಣಿನ ಬುಟ್ಟಿ. ಸಾಹೇಬರು ರಂಗಭೂಮಿ ಉಳಿಯಬೇಕು ಎಂದು ಮಾತಾಡಿದರು. ಇನ್ನೊಂದು ಕಾರ್ಯಕ್ರಮವಿದೆ ಎಂದು ಕೈಮುಗಿದರು, ಹೊರಟರು. ಅವರ ಹಿಂದೆ ಅವರ ಮಂದಿಯೂ ಎದ್ದರು. ಏಳು ನಲವತ್ತಕ್ಕೆ ನಾಟಕ ಶುರುವಾದಾಗ ಮುಂದಿನ ಮೂರು ಸಾಲಿನಲ್ಲಿ ಆರು ಜನ ಇದ್ದರು. ನಾನು ಎಣಿಸಿದೆ. ಬಲಗೋಡೆಯಿಂದ ನಾಲ್ಕನೆಯ ಕುರ್ಚಿಯಲ್ಲಿ ಒಂದು ಹಣ್ಣಿನ ಬುಟ್ಟಿ ಇತ್ತು. ಯಾರಿಗೆ ಕೊಟ್ಟದ್ದೋ, ಅವರು ಮರೆತು ಹೋಗಿದ್ದರು. ಮಡಿಸುವ ಕುರ್ಚಿ, ಬುಟ್ಟಿಯ ಭಾರಕ್ಕೆ ತೆರೆದೇ ಇತ್ತು.

ಮೊದಲ ಅಂಕ ಮುಗಿದ ಕೂಡಲೇ ನಾನು ಕಾರ್ಯದರ್ಶಿಗಳ ಹತ್ತಿರ ಹೋದೆ. "ಸರ್, ಮುಂದ ಎಲ್ಲಾ ಖಾಲಿ ಅದಾವಲ್ರಿ. ಹಿಂದಿನವ್ರನ್ನ ಕರೀಲೇನ್ರಿ?"

"ಈಗ ಬ್ಯಾಡ್ರಿ. ಸಾಹೇಬ್ರ ಮಂದಿ ಯಾರರ ವಾಪಸ್ ಬಂದ್ರ? ವಿಡಿಯೋದಾಗೂ ಗದ್ದಲ ಕಾಣಸ್ತೈತಿ."

"ಹೂಂರಿ" ಎಂದೆ. ಎರಡು ಅಕ್ಷರ. ಇಡೀ ಸಂಜೆ ನಾನು ಆಡಿದ ಧೈರ್ಯದ ಮಾತು ಅಷ್ಟೇ.

ಎರಡನೇ ಅಂಕದಲ್ಲಿ ಶೈಲಕ್ಕ ಪಂಚರ ಮುಂದೆ ಬಂದು ನಿಂತಾಗ ನಾನು ಗೋಡೆ ಹಿಡಿದು ಹಿಂದಕ್ಕೆ ಹೋದೆ. ಅವಳು ತಿರುಗಿದಳು, ಒಪ್ಪಂದದಂತೆ, ಪ್ರೇಕ್ಷಕರ ಬಲಗಡೆಗೆ. ಮೊದಲ ವಾಕ್ಯ ಹೇಳಿದಳು. ನಿಂತಳು. ನಾನು ಮನಸ್ಸಿನಲ್ಲಿ ಐದು ಎಣಿಸುವವರೆಗೂ ಅವಳ ಬಾಯಿಂದ ಮಾತು ಹೊರಡಲಿಲ್ಲ. ಒಳಗಿನಿಂದ ಯಾರೋ ಮಾತು ಎತ್ತಿಕೊಟ್ಟರು. ಆಮೇಲೆ ಪೂರ್ತಿ ಹೇಳಿದಳು, ಬಾಯಿ ಬಿಡಿಸಿ, ತುಟಿ ಕಾಣುವ ಹಾಗೆ, ಕತ್ತು ಅಲ್ಲಾಡಿಸದೆ. ಅವಳು ಹೇಳಿದ್ದು ಹಣ್ಣಿನ ಬುಟ್ಟಿಗೆ.

ಆ ಹೊತ್ತಿಗೆ ಕಾಕಾ ರಂಗಕ್ಕೆ ಬೆನ್ನು ಮಾಡಿ ಕೂತಿದ್ದ.

ನನಗೆ ಮೊದಲು ಅರ್ಥವಾಗಲಿಲ್ಲ. ಹತ್ತಿರ ಹೋಗಿ ನೋಡಿದೆ. ಎಡಬಾಗಿಲ ಮೇಲೆ ಒಂದು ಕೆಂಪು ದೀಪವಿತ್ತು. ಆ ಬೆಳಕು ಮುಖದ ಮೇಲೆ ಬೀಳುವಂತೆ ಚಾಚಾ ಓರೆಯಾಗಿ ಕೂತು, ಶೈಲಕ್ಕ ಹೇಳುತ್ತಿದ್ದುದನ್ನು ದನಿಯಿಲ್ಲದೆ ತುಟಿಯಲ್ಲಿ ಹೇಳುತ್ತಿದ್ದ. ತುಟಿಗೆ ಸಾಲದಿದ್ದಾಗ ಕೈ. ಮೂವತ್ತು ವರ್ಷ ಶೆಡ್ಡಿನಲ್ಲಿ ಹೇಳಿದ ಹಾಗೆ. ಚಾಚಾನಿಗೂ ಕಿವಿ ಪೂರ್ತಿ ಇಲ್ಲ, ಆದರೆ ಕಾಕಾನಿಗಿಂತ ಮೇಲು. ಕಾಕಾ ಮಗಳ ಮಾತನ್ನು ಚಾಚಾನ ತುಟಿಯಿಂದ ಓದುತ್ತಿದ್ದ. ಮಗಳ ಮುಖ ಅವನಿಗೆ ಕಾಣುತ್ತಿರಲಿಲ್ಲ. ಅದು ಅವನ ಬೆನ್ನ ಹಿಂದಿತ್ತು. ಮುಂದಿನ ಸಾಲಿನಿಂದ ಒಬ್ಬ ತಿರುಗಿ, "ಏ ಅಜ್ಜಾ, ಕೈ ಆಡಸೂದು ಬಿಟ್ಟು ನಾಟಕ ನೋಡ್ರಿ" ಎಂದ. ಚಾಚಾ ಅವನ ಕಡೆ ತಿರುಗಲೂ ಇಲ್ಲ. ಮಾತು ಮುಗಿಯಿತು, ಚಪ್ಪಾಳೆ ಬಿತ್ತು. ಕಾಕಾ ಕತ್ತಲೆಯಲ್ಲಿ ಕೈ ಎತ್ತಿ ಅಂಗೈಯನ್ನು ಮುಂದಕ್ಕೆ ಸುತ್ತಿಸಿದ, ಮತ್ತೆ ಮತ್ತೆ.

ಆಟದ ನಂತರ ಬಣ್ಣದ ಕೋಣೆಯಲ್ಲಿ ಶೈಲಕ್ಕ ಕೇಳಿದ್ದು ಒಂದೇ: "ಎಲ್ಲಿ ಕುಂತಿದ್ದಿ ಅಪ್ಪಾ?"

"ಎಲ್ಲಿ ಅಂದ್ರ? ನಮ್ಮ ಕುರ್ಚ್ಯಾಗ. ಎಲ್ಲಾ ಕೇಳಿಸ್ತು."

ಅವಳು ಅಪ್ಪನ ಮುಖ ನೋಡಿದಳು, ತಿರುಗಿ ಬಣ್ಣ ಒರೆಸಿಕೊಳ್ಳತೊಡಗಿದಳು.

ಆಟೋದಲ್ಲಿ ಶಹಾಪುರಕ್ಕೆ ಬರುವಾಗ ಕಾಕಾ ನಮ್ಮಿಬ್ಬರಿಂದ ಮಾತು ತೆಗೆದುಕೊಂಡ. "ಆಕಿಗೆ ಏನೂ ಹೇಳಬ್ಯಾಡ್ರಿ. ಮೊದಲನೇ ಆಟ. ಗೊತ್ತಾತಂದ್ರ ಜಗಳಾ ತಗೀತಾಳ, ನಾಟಕಾನ ಬಿಡತಾಳ. ಅಷ್ಟು ಲೈಟಿನ್ಯಾಗ ಆಕಿಗೇನು ಕಾಣಸ್ತೈತಿ?"

ಅದೊಂದೇ ಅವನು ತಪ್ಪು ಲೆಕ್ಕ ಹಾಕಿದ್ದು. ಜೀವನಪೂರ್ತಿ ಕುರ್ಚಿಯಿಂದ ರಂಗವನ್ನು ನೋಡಿದವನು. ರಂಗದಿಂದ ಕುರ್ಚಿ ಹೇಗೆ ಕಾಣುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ. ದೀಪದ ಬೆಳಕು ಮೂರು ಸಾಲಿನವರೆಗೂ ಚೆಲ್ಲುತ್ತದೆ. ಅವಳಿಗೆ ಅಪ್ಪನ ಕುರ್ಚಿಯಲ್ಲಿದ್ದ ಬುಟ್ಟಿ ಕಂಡಿತ್ತು.

ತಂಡದ ಮುಂದಿನ ನಾಟಕಕ್ಕೆ ಕರೆದಾಗ ಶೈಲಕ್ಕ ಒಲ್ಲೆ ಎಂದಳು. ಅದರ ಮುಂದಿನದಕ್ಕೂ. "ಯಾಕ ಬಿಟ್ಟಳೋ ಏನೋ, ಅಷ್ಟು ಛಲೋ ಮಾಡತಿದ್ದಳು" ಎಂದು ಕಾಕಾ ಸಿಕ್ಕಾಗಲೆಲ್ಲ ನನ್ನನ್ನು ಕೇಳುತ್ತಿದ್ದ. ನಾನು ಸುಮ್ಮನಿರುತ್ತಿದ್ದೆ. ಸುಮ್ಮನಿರುವುದರಲ್ಲಿ ಆಗಲೇ ನನ್ನ ಕೈ ಪಳಗಿತ್ತು.

ಕಾಕಾ ಹೋದ ವರ್ಷ ತೀರಿಕೊಂಡ. ಕರ್ಮಗಳೆಲ್ಲ ಮುಗಿದ ಮಧ್ಯಾಹ್ನ ಶಹಾಪುರದ ಮನೆಯಲ್ಲಿ ಶೈಲಕ್ಕ ಅವನ ಅಡಿಕೆ ಡಬ್ಬಿ ತೆಗೆದಳು. ಒಳಗೆ ಕಿವಿಯ ಯಂತ್ರ ಮತ್ತು ಕೆಂಪು ನೂಲಿನ ಉಂಡೆ. ನೂಲನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನನ್ನನ್ನು ಕೇಳಿದಳು.

"ಅರುಣ್ಯಾ, ಖರೇ ಹೇಳು. ಅವತ್ತ ಅಪ್ಪ ನಡುವ ಎದ್ದು ಯಾಕ ಹೋದ? ನಾ ತಿರುಗಿ ನೋಡಿದ್ರ ಅಲ್ಲಿ ಬುಟ್ಟಿ ಇತ್ತು. ನಾ ಅಷ್ಟು ಕೆಟ್ಟ ಮಾಡಿದ್ನ್ಯಾ?"

ನಾನು ಹೇಳಿದ್ದು: "ನನಗ ಗೊತ್ತಿಲ್ಲಕ್ಕ."

ಕೊಟ್ಟ ಮಾತು ಎಂದುಕೊಂಡೆ. ಅದಲ್ಲ. ಹೇಳಿದರೆ ನಾನು ಎಲ್ಲಿ ನಿಂತಿದ್ದೆ ಎಂಬುದನ್ನೂ ಹೇಳಬೇಕಾಗುತ್ತಿತ್ತು.

ಶೈಲಕ್ಕ, ಇದು ಅಚ್ಚಾಗುವ ಪತ್ರಿಕೆ ನಿನ್ನ ಶಾಲೆಗೆ ಬರುತ್ತದೆ ಎಂದು ನನಗೆ ಗೊತ್ತು. ಅಪ್ಪ ಎದ್ದು ಹೋಗಲಿಲ್ಲ. ಅವನನ್ನು ಎಬ್ಬಿಸಿದರು. ಎಡಗೋಡೆಯ ಪಕ್ಕ, ಕೊನೆಯಿಂದ ಎರಡನೆಯ ಸಾಲಿನಲ್ಲಿ, ಆಟ ಮುಗಿಯುವವರೆಗೂ ಕೂತಿದ್ದ. ನಿನ್ನ ನಾಲ್ಕು ನಿಮಿಷದ ಮಾತಿನಲ್ಲಿ ಒಂದನ್ನೂ ಬಿಡಲಿಲ್ಲ. ಓಡಲಿ ಎಂದು ಕೈ ಮಾಡಿದ. ನಿನಗೆ ಕಾಣದ ಕಡೆ ಮಾಡಿದ.

ನನ್ನ ಮಾತು ಸಾಲದಿದ್ದರೆ ನೋಡಿದವರು ಇದ್ದಾರೆ. ಇಸ್ಮಾಯಿಲ್ ಚಾಚಾ ಶಹಾಪುರದಲ್ಲಿ ಹಳೆಯ ಮನೆಯಲ್ಲೇ ಇದ್ದಾನೆ. ಈಗ ಕೈ ನಡುಗುತ್ತದೆ, ತುಟಿ ನಡುಗುವುದಿಲ್ಲ, ನಿನ್ನ ಮಾತನ್ನು ಇವತ್ತಿಗೂ ಮೊದಲಿನಿಂದ ಹೇಳುತ್ತಾನೆ. ವಾಚ್‌ಮನ್ ಮಾರುತಿ ಇದ್ದಾನೆ. ಮರುದಿನ ಆ ಬುಟ್ಟಿಯನ್ನು ಎತ್ತಿದವನು ಅವನು. ಕಾರ್ಯದರ್ಶಿಗಳು ಇದ್ದಾರೆ, ಆರೋಗ್ಯವಾಗಿದ್ದಾರೆ. ಕೇಳಿದರೆ ಅವರಿಗೆ ನೆನಪಿರಲಿಕ್ಕಿಲ್ಲ. ಬಲಗಡೆಯ ಎರಡನೇ ಬಾಗಿಲಲ್ಲಿ, ಹನ್ನೆರಡು ಹೆಜ್ಜೆ ದೂರದಲ್ಲಿ ನಿಂತಿದ್ದ ಅರುಣ ಇದ್ದಾನೆ.